ಕೆಂಪು ಕೊಳವೆಯಲ್ಲಿ ನೀರಿರಲಿಲ್ಲ

ಆ ಮಧ್ಯಾಹ್ನದ ಬಗ್ಗೆ ಅನೇಕರು ನನ್ನನ್ನು ಕೇಳಿದ್ದಾರೆ. ಒಬ್ಬೊಬ್ಬರಿಗೆ ಹೇಳುವಾಗಲೂ ಒಂದೊಂದು ಸಣ್ಣ ಸಂಗತಿ ತಾನಾಗಿ ಸೇರಿಕೊಳ್ಳುತ್ತಿದೆ ಎಂದು ನನಗೇ ಅನುಮಾನ ಬಂದಿದೆ. ಆದ್ದರಿಂದ ಇಲ್ಲಿ ಕಂಡದ್ದನ್ನಷ್ಟೇ ಬರೆಯುತ್ತೇನೆ. ಕಾಣದ್ದನ್ನು ಕಾಣಲಿಲ್ಲ ಎಂದೇ ಹೇಳುತ್ತೇನೆ.

ಸೋಮವಾರಪೇಟೆ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನನಗೆ ಕೆಲಸ. ತೋಟಗಳಿಂದ ಬರುವ ಒಣ ಕಾಫಿಯ ಸಿಪ್ಪೆ ತೆಗೆದು, ಬೀಜವನ್ನು ಗಾತ್ರದ ಮೇಲೆ ಬೇರೆ ಮಾಡಿ, ಕಪ್ಪು ಬೀಜ, ಒಡಕು ಬೀಜಗಳನ್ನು ಆರಿಸಿ ತೆಗೆದು ಚೀಲಕ್ಕೆ ತುಂಬುವ ಜಾಗ ಅದು. ಚೀಲ ಕಟ್ಟುವ ಮೊದಲು ಬೀಜದ ತೇವ ನೋಡುವುದು, ಒಂದಿಷ್ಟು ಹುರಿದು ಪುಡಿ ಮಾಡಿ ಬಿಸಿನೀರು ಹಾಕಿ ರುಚಿ ನೋಡುವುದು ನನ್ನ ಪಾಲಿನದು. ಮೂಗು, ನಾಲಿಗೆ ಎರಡನ್ನೂ ನಂಬಿ ಬದುಕುವ ಕೆಲಸ.

ಹೊಸ ಗೋಡೌನ್ ಕಟ್ಟಿದಾಗ ಬೆಂಕಿಯ ಅಲಾರಂ ವ್ಯವಸ್ಥೆ ಬಂತು. ಹೊರದೇಶದ ಕೊಳ್ಳುವವರು ಕೇಳಿದರಂತೆ, ವಿಮೆಯವರೂ ಕೇಳಿದರಂತೆ. ಬರೀ ಗಂಟೆ ಬಾರಿಸಿ ಸುಮ್ಮನಾಗುವ ಅಲಾರಂ ಅಲ್ಲ. ಅದು ಬೇರೆ ಸಲಕರಣೆಗಳಿಗೆ ಅಪ್ಪಣೆ ಕೊಡುತ್ತದೆ. ಯಂತ್ರಗಳನ್ನು ನಿಲ್ಲಿಸುತ್ತದೆ, ಗೋಡೌನಿನ ಕಬ್ಬಿಣದ ಶಟರ್ ಇಳಿಸುತ್ತದೆ, ಪ್ಯಾನೆಲ್ ರೂಮಿನ ಫ್ಯಾನ್ ನಿಲ್ಲಿಸಿ ಬಾಗಿಲು ಮುಚ್ಚುತ್ತದೆ. ಕೊನೆಗೆ ಆ ರೂಮಿನೊಳಕ್ಕೆ ಗ್ಯಾಸ್ ಬಿಡುತ್ತದೆ. ಪ್ಯಾನೆಲ್ ರೂಮ್ ಎಂದರೆ ಇಡೀ ಕಾರ್ಖಾನೆಯ ಕರೆಂಟಿನ ಬೀರುಗಳಿರುವ ಕೋಣೆ. ಕರೆಂಟಿನ ಬೆಂಕಿಗೆ ನೀರು ಹೊಯ್ಯುವಂತಿಲ್ಲವಾದ್ದರಿಂದ ಅಲ್ಲಿಗೆ ಇಂಗಾಲದ ಡೈಆಕ್ಸೈಡ್. ಕೋಣೆಯ ಗಾಳಿಯ ಜಾಗವನ್ನೆಲ್ಲ ಅದು ಆಕ್ರಮಿಸುತ್ತದೆ, ಬೆಂಕಿಗೆ ಉಸಿರಿಲ್ಲದಂತೆ ಮಾಡುತ್ತದೆ. ಒಳಗೆ ಮನುಷ್ಯರಿದ್ದರೆ ಅವರಿಗೂ ಇಲ್ಲದಂತೆ ಮಾಡುತ್ತದೆ.

ಅದನ್ನು ಹಾಕಲು ಬಂದ ಕಂಪನಿಯವರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಒಂದು ಪ್ರದರ್ಶನ ಮಾಡಿದ್ದರು. ಗೋಡೌನಿನ ಕೆಂಪು ಕೊಳವೆಯ ಬಾಯಿ ತೆರೆದರು. ನೀರು ಅಡಿಕೆ ಮರದೆತ್ತರ ಚಿಮ್ಮಿತು. ಬೀಜ ಆರಿಸುವ ಹೆಂಗಸರು ನಗುತ್ತ ಹಿಂದಕ್ಕೆ ಓಡಿದರು. ಪ್ಯಾನೆಲ್ ರೂಮಿನಲ್ಲಿ ಪ್ರದರ್ಶನ ಮಾಡಲಿಲ್ಲ. ಗ್ಯಾಸ್ ದುಬಾರಿ ಎಂದು ಬಾಯಲ್ಲೇ ಹೇಳಿದರು, ಅದೂ ಇಂಗ್ಲಿಷ್ ಬೆರೆಸಿ, ಮ್ಯಾನೇಜರರ ಕಡೆ ತಿರುಗಿಕೊಂಡು. ಬಾಗಿಲಿಗೆ ಹಚ್ಚಿದ ಹಳದಿ ಫಲಕವೂ ಇಂಗ್ಲಿಷಿನದೇ. ಆ ಕೋಣೆಯ ಚಾವಣಿಯಲ್ಲೂ ಅದೇ ಕೆಂಪು ಬಣ್ಣದ ಕೊಳವೆ ಇದೆ. ನೋಡುವ ಕಣ್ಣಿಗೆ ಎರಡೂ ಒಂದೇ.

ಇನ್ನು ಮಳೆಯ ಮಾತು. ನಮ್ಮಲ್ಲಿ ಆಟಿ ತಿಂಗಳ ಜಡಿಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ. ಮೊದಲು ಒಲೆಯ ಮೇಲಿನ ಅಟ್ಟದಲ್ಲಿ ಹರವುತ್ತಿದ್ದರು. ಹೊಗೆಯ ವಾಸನೆ ಹಿಡಿದರೂ ಒಣಗುತ್ತಿತ್ತು. ಈಗ ಕೆಲಸಗಾರರ ಲೈನ್ ಮನೆಗಳಲ್ಲೂ ಗ್ಯಾಸ್ ಒಲೆ ಬಂದು, ಬಟ್ಟೆ ಒಣಗಿಸಲು ಬೆಂಕಿಯೇ ಇಲ್ಲ. ಇಡೀ ಕಾರ್ಖಾನೆಯಲ್ಲಿ ಹಗಲಿರುಳು ಬೆಚ್ಚಗಿರುವ ಒಂದೇ ಕೋಣೆ ಪ್ಯಾನೆಲ್ ರೂಮ್. ಮೊದಲ ಮಳೆಗಾಲದಲ್ಲೇ ಹೆಂಗಸರು ಅಲ್ಲೊಂದು ಹಗ್ಗ ಕಟ್ಟಿದರು. ಮೊದಮೊದಲು ಸ್ವೆಟರ್, ಆಮೇಲೆ ಕಾಲುಚೀಲ, ಆಮೇಲೆ ಮೊಮ್ಮಕ್ಕಳ ಸ್ಕೂಲ್ ಯೂನಿಫಾರಂ.

ಎಲೆಕ್ಟ್ರಿಷಿಯನ್ ಗಡಿಯಾಚೆಯ ಕೇರಳದವನು, ಕರಿಕೆಯಿಂದ ಇನ್ನೂ ಆಚೆ. ನಮ್ಮೆಲ್ಲರನ್ನೂ ಅವನ ಭಾಷೆಯಲ್ಲಿ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಾನೆ. ಮೊದಲು ಬೈದ, ಆಮೇಲೆ ಒಪ್ಪಿದ. ಕರೆಂಟಿನ ಬೀರುಗಳ ಮೇಲೆ ಮಾತ್ರ ಕಟ್ಟಬೇಡಿ ಎಂದಷ್ಟೇ ಹೇಳಿದ. ಹೆಂಗಸರು ಅವನನ್ನು ರೇಗಿಸದೆ ಬಿಡುತ್ತಿರಲಿಲ್ಲ. ಬೀಜ ಆರಿಸುವವರಲ್ಲಿ ಹಿರಿಯಳು, ನಾವೆಲ್ಲ ಅಕ್ಕ ಎನ್ನುವವಳು, ಒಮ್ಮೆ ಎಲ್ಲರ ಎದುರಿಗೇ, "ಊರಿಗೆ ಯಾಕ್ ಹೋಗಲ್ಲ ಅಂತ ಈಗ ಗೊತ್ತಾಯ್ತು ಕಣಪ್ಪ. ಹೆಂಡ್ತಿಗಿಂತ ಈ ರೂಮೇ ಬೆಚ್ಚಗದೆ" ಎಂದಿದ್ದಳು. ಅವನು ಕಿವಿಯವರೆಗೂ ಕೆಂಪಾಗಿದ್ದ.

ಒದ್ದೆ ಉಣ್ಣೆಯಿಂದ ಏಳುವ ಹಬೆಗೆ ಹಗ್ಗದ ಮೇಲಿದ್ದ ಡಿಟೆಕ್ಟರ್ ಆಗಾಗ ಕೂಗುತ್ತಿತ್ತು. ಚಾವಣಿಗೆ ಅಂಟಿಸಿದ ಬಿಳಿ ಬಟ್ಟಲಿನಂಥ ವಸ್ತು ಅದು. ಹಬೆ ಯಾವುದು, ಹೊಗೆ ಯಾವುದು ಎಂದು ಅದಕ್ಕೆ ತಿಳಿಯದು. ಗಂಟೆ ಬಾರಿಸಿದಾಗ ಎಲೆಕ್ಟ್ರಿಷಿಯನ್ ಹೋಗಿ ನಿಲ್ಲಿಸಿ ಬರುತ್ತಿದ್ದ. ಭಯ ಬೇಡ, ಕೋಣೆಯಲ್ಲಿ ಇಂಥವು ಎರಡಿವೆ, ಬೇರೆ ಬೇರೆ ತಂತಿಯವು, ಒಂದು ಕೂಗಿದರೆ ಬರೀ ಗಂಟೆ, ಎರಡೂ ಕೂಗಿದರೆ ಮಾತ್ರ ಗ್ಯಾಸ್ ಎಂದು ಅವನೇ ನನಗೆ ಹೇಳಿದ್ದ. ನಿಯಮವೇ ಹಾಗಂತೆ. ಒಂದರ ಮಾತನ್ನು ನಂಬಿ ಗ್ಯಾಸ್ ಬಿಡಬಾರದು ಎಂದು ನಿಯಮ ಮಾಡಿದವರು ಯೋಚಿಸಿದ್ದಾರೆ. ಅದು ಒಳ್ಳೆಯ ಯೋಚನೆಯೇ. ಆದರೆ ಅದನ್ನು ಕೇಳಿದ ಮೇಲೆ ನಮಗೆ ಆ ಗಂಟೆಯ ಮೇಲೆ ಗೌರವ ಹೊರಟುಹೋಯಿತು. ಗಂಟೆ ಎಂದರೆ ಸ್ವೆಟರ್ ಒಣಗುತ್ತಿದೆ ಎಂದಷ್ಟೇ ಆಯಿತು.

ಆ ವಾರ ಮಳೆ ಬಿಡಲೇ ಇಲ್ಲ. ಮಳೆಗೆಂದು ಶಾಲೆಗಳಿಗೆ ಕೊಟ್ಟ ರಜೆ ಮುಗಿದು, ಆ ಮಧ್ಯಾಹ್ನದ ಮಾರನೆಯ ದಿನದಿಂದ ಪಾಠ ಶುರುವಾಗುವುದಿತ್ತು. ಹಗ್ಗದಲ್ಲಿ ಜಾಗ ಸಾಲದೆ ಅಕ್ಕ ಎದುರುಗೋಡೆಯ ಬದಿಗೆ ಇನ್ನೊಂದು ಹಗ್ಗ ಕಟ್ಟಿದಳು. ಕರೆಂಟಿನ ಬೀರುಗಳಿಂದ ದೂರವೇ ಕಟ್ಟಿದ್ದಳು, ಹೇಳಿದ ಮಾತು ಮೀರಿರಲಿಲ್ಲ. ಮನೆಯಿಂದ ಇಸ್ತ್ರಿಪೆಟ್ಟಿಗೆಯನ್ನೂ ತಂದಿದ್ದಳು. ಒದ್ದೆ ಚಡ್ಡಿ, ಲಂಗಗಳನ್ನು ಅರೆ ಒಣಗಿಸಿ, ಇಸ್ತ್ರಿ ತಿಕ್ಕಿ ಹಬೆ ಹೊರಡಿಸಿ, ಮತ್ತೆ ಹಗ್ಗಕ್ಕೆ ಹಾಕುವುದು ಅವಳ ಲೆಕ್ಕಾಚಾರ. ಎರಡನೆಯ ಡಿಟೆಕ್ಟರ್ ಇದ್ದದ್ದು ಆ ಹೊಸ ಹಗ್ಗದ ನೇರ ಮೇಲೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಊಟದ ಹೊತ್ತು. ನಾನು ಲ್ಯಾಬಿನಿಂದ ಛತ್ರಿ ಹಿಡಿದು ಅಂಗಳ ದಾಟುತ್ತಿದ್ದೆ. ಎದುರಿನ ಸಿಲ್ವರ್ ಓಕ್ ಮರಗಳು ಕಾಣದಷ್ಟು ಮಂಜು ಇಳಿದಿತ್ತು. ಗಂಟೆ ಬಾರಿಸತೊಡಗಿತು. ನಾನು ತಲೆ ಎತ್ತಲೂ ಇಲ್ಲ. ಪ್ಯಾನೆಲ್ ರೂಮಿನ ಜಗಲಿ ಹತ್ತಿ ಛತ್ರಿ ಮಡಿಸುತ್ತಿರುವಾಗ ಸೈರನ್ ಹೊರಟಿತು. ಪ್ರದರ್ಶನದ ದಿನ ಬಿಟ್ಟರೆ ಆ ಸದ್ದನ್ನು ನಾನು ಕೇಳಿರಲಿಲ್ಲ. ಅದರ ಹಿಂದೆಯೇ ಬೇರೆ ಸದ್ದುಗಳು ಒಂದೊಂದಾಗಿ ಸತ್ತವು. ಸಿಪ್ಪೆ ಬಿಡಿಸುವ ಯಂತ್ರ ನಿಂತಿತು, ಜರಡಿ ನಿಂತಿತು, ಗೋಡೌನಿನ ಶಟರ್ ಗಡಗಡನೆ ಇಳಿಯಿತು. ಯಾರೂ ಮುಟ್ಟದ ಪ್ಯಾನೆಲ್ ರೂಮಿನ ಬಾಗಿಲು, ಅದನ್ನು ತೆರೆದು ಹಿಡಿದಿದ್ದ ಗೋಡೆಯ ಅಯಸ್ಕಾಂತ ಬಿಟ್ಟುಕೊಟ್ಟು, ನನ್ನ ಕಣ್ಣೆದುರು ತಾನೇ ಮುಚ್ಚಿಕೊಂಡಿತು. ನಾನು ಮೊದಲು ಹೆದರಿದ್ದು ಸೈರನ್ನಿಗಲ್ಲ, ಆ ಬಾಗಿಲಿಗೆ.

ಹೊಸ್ತಿಲ ಹೊರಗೆ ಒಂದು ಜೊತೆ ರಬ್ಬರ್ ಚಪ್ಪಲಿ ಇತ್ತು. ಕೆಸರು ಒಳಗೆ ಹೋಗದಿರಲೆಂದು ಬಿಟ್ಟದ್ದು. ಹಿಮ್ಮಡಿ ಸವೆದು, ಪಟ್ಟಿಗೆ ನೀಲಿ ದಾರ ಹೊಲಿದಿತ್ತು. ಅಕ್ಕನದು.

ಬಾಗಿಲಿನಲ್ಲಿ ಅಂಗೈಯಗಲದ ಗಾಜು ಇದೆ. ನೋಡಿದೆ. ಒಳಗೆ ಕೆಂಪು ದೀಪ ಮಿನುಗುತ್ತಿತ್ತು. ಅಕ್ಕ ಮಗುಚಿಟ್ಟ ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಹಗ್ಗದಿಂದ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು.

ಎರಡನೆಯ ಡಿಟೆಕ್ಟರ್ ಕೂಗಿದ ಮೇಲೆ ಗ್ಯಾಸ್ ತಕ್ಷಣ ಬರುವುದಿಲ್ಲ. ಒಳಗಿದ್ದವರು ಹೊರಗೆ ಬರಲಿ ಎಂದು ಅರ್ಧ ನಿಮಿಷದಷ್ಟು ಬಿಡುವು ಇರುತ್ತದೆ. ಹೊರಗೋಡೆಯಲ್ಲಿ ಒಂದು ಹಳದಿ ಡಬ್ಬಿ, ಅದರ ನಡುವೆ ಗುಂಡಿ. ಒತ್ತಿ ಹಿಡಿದಿರುವಷ್ಟು ಹೊತ್ತು ಗ್ಯಾಸ್ ಬಿಡುವುದನ್ನು ತಡೆಯುತ್ತದೆ. ಕಂಪನಿಯವರ ಮಾತುಗಳಲ್ಲಿ ನನಗೆ ನೆನಪಿದ್ದದ್ದು ಅದೊಂದೇ. ಹೆಬ್ಬೆರಳಿಟ್ಟು ಒತ್ತಿದೆ. ಸೈರನ್ ನಿಲ್ಲಲಿಲ್ಲ. ತಡೆದದ್ದು ನಿಜವೋ ಇಲ್ಲವೋ ತಿಳಿಯುವ ದಾರಿ ನನಗೆ ಇರಲಿಲ್ಲ.

ಬೆರಳು ತೆಗೆದರೆ ಏನಾಗುತ್ತದೆ ಎಂಬುದೂ ತಿಳಿದಿರಲಿಲ್ಲ. ಬಿಡುವು ಮೊದಲಿನಿಂದ ಶುರುವಾಗುತ್ತದೋ, ಉಳಿದಷ್ಟೇ ಸಿಗುತ್ತದೋ? ಆಮೇಲೆ ಓದಿ ತಿಳಿದೆ. ಒಂದೊಂದು ಕಡೆಯ ನಿಯಮ ಒಂದೊಂದು ಥರ ಇದೆ. ಕೆಲವು ಕಡೆ ಬೆರಳು ತೆಗೆದರೆ ಪೂರ್ತಿ ಬಿಡುವು ಮತ್ತೆ ಸಿಗುತ್ತದೆ, ಕೆಲವು ಕಡೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಮ್ಮದು ಎರಡನೆಯ ಬಗೆ. ಎಷ್ಟು ಉಳಿದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗುಂಡಿ ಬಾಗಿಲಿಗೆ ದೂರ. ಎರಡು ಕೈ ಚಾಚಿದರೂ ಬಾಗಿಲ ಹಿಡಿಗೆ ಒಂದು ಗೇಣು ಉಳಿಯುತ್ತಿತ್ತು. ಗಾಜಿನತ್ತ ಓರೆಯಾಗಿ ಕತ್ತು ನೀಡಿ, ಇನ್ನೊಂದು ಕೈಯ ಛತ್ರಿಯಿಂದ ಬಾಗಿಲ ಅಂಚಿಗೆ ಬಡಿದೆ. ಅಕ್ಕ ತಿರುಗಿ ನೋಡಿದಳು. ನನ್ನ ಗುರುತು ಹಿಡಿದಳು. ಐದು ಬೆರಳು ಎತ್ತಿ, ತಡಿ, ಬಂದೆ ಎಂಬಂತೆ ಕೈಯಾಡಿಸಿ, ಮತ್ತೆ ಹಗ್ಗದ ಕಡೆ ತಿರುಗಿದಳು.

ಅವಳಿಗೆ ಗಾಬರಿ ಇರಲಿಲ್ಲ. ಅವಸರ ಇತ್ತು. ಅದು ಯಾತರ ಅವಸರ ಎಂದು ಆಗ ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಇನ್ನೊಂದು ಹೆದರಿಕೆ ಮೊದಲನೆಯದನ್ನು ತಳ್ಳಿಕೊಂಡು ಬಂತು. ಒಳಗೆ ನಿಜವಾಗಿಯೂ ಬೆಂಕಿ ಇದ್ದರೆ? ಇಸ್ತ್ರಿಪೆಟ್ಟಿಗೆಯ ಸಣ್ಣ ದೀಪ ಉರಿಯುತ್ತಿರುವುದು ಗಾಜಿನಿಂದ ಕಾಣುತ್ತಿತ್ತು. ಇಸ್ತ್ರಿ ನೆಟ್ಟಗೆ ನಿಂತಿದೆಯೋ, ಬಟ್ಟೆಯ ಮೇಲೆ ಮಲಗಿದೆಯೋ ಕಾಣುತ್ತಿರಲಿಲ್ಲ. ಬೆಂಕಿ ಇದ್ದರೆ, ಅದನ್ನು ನಂದಿಸಲು ಹೊರಟದ್ದನ್ನು ನಾನೇ ಹೆಬ್ಬೆರಳಿನಿಂದ ತಡೆದಿದ್ದೇನೆ, ಅಕ್ಕ ಅದರ ಜೊತೆಯಲ್ಲೇ ಒಳಗಿದ್ದಾಳೆ. ಮೂಗು ಎಳೆದು ನೋಡಿದೆ. ಸುಟ್ಟ ಬೀಜದ ವಾಸನೆ ಮೂರು ಕೋಣೆಯಾಚೆಯಿಂದ ಹಿಡಿಯುವ ಮೂಗು. ಆ ಬಾಗಿಲಿನ ಸುತ್ತ ರಬ್ಬರಿನ ಪಟ್ಟಿ ಇದೆ, ಗ್ಯಾಸ್ ಸೋರದಿರಲೆಂದು. ನನಗೆ ಸಿಕ್ಕಿದ್ದು ಮಳೆಯ ವಾಸನೆ, ನನ್ನದೇ ಬೆವರಿನ ವಾಸನೆ.

ಕೂಗಿದೆ. ಸೈರನ್ನಿನ ಕೆಳಗೆ ನನ್ನ ಕೂಗು ಅಂಗಳ ದಾಟಲಿಲ್ಲ. ಉಳಿದ ಹೆಂಗಸರು ಹೇಳಿಕೊಟ್ಟಂತೆ ಗೇಟಿನ ಬಳಿ ಹೋಗಿ ನಿಂತಿದ್ದರು. ಮಂಜಿನಲ್ಲಿ ಛತ್ರಿಗಳು ಮಾತ್ರ ಕಾಣುತ್ತಿದ್ದವು. ಯಾರೂ ಈ ಕಡೆ ನೋಡುತ್ತಿರಲಿಲ್ಲ.

ಛತ್ರಿಯ ಹಿಡಿ ಬಾಗಿದ್ದು ಆಗ ನೆನಪಾಯಿತು, ಅಥವಾ ಕೈಗೇ ನೆನಪಾಯಿತು. ತಿರುಗಿಸಿ ಹಿಡಿದು, ಬಾಗಿದ ಕೊಂಡಿಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಎಳೆದೆ. ಮೊದಲ ಸಲ ಜಾರಿತು. ಎರಡನೆಯ ಸಲವೂ ಜಾರಿತು, ಆಗ ಗುಂಡಿಯ ಮೇಲಿನ ಬೆರಳು ಅಲುಗಿದಂತಾಗಿ ಅದನ್ನು ಇನ್ನಷ್ಟು ಅದುಮಿದೆ. ಮತ್ತೊಮ್ಮೆ ಎಳೆದಾಗ ಬಾಗಿಲು ಒಂದಡಿ ತೆರೆಯಿತು. ಬೆಚ್ಚಗಿನ, ಒದ್ದೆ ಉಣ್ಣೆಯ ಗಾಳಿ ಮುಖಕ್ಕೆ ಬಡಿಯಿತು. ಸುಟ್ಟ ವಾಸನೆ ಇರಲಿಲ್ಲ.

"ಅಕ್ಕ, ಹೊರಗೆ ಬಾ. ಈಗಲೇ ಬಾ."

"ಬತ್ತೀನಿ ತಡಿ ಮೇಡಮ್ಮ. ನೀರ್ ಬೀಳೋಕ್ ಮುಂಚೆ ಇಷ್ಟ್ ತಕ್ಕೊಬುಡ್ತೀನಿ. ಮೂರ್ ದಿನ ಒಣಗ್ಸಿದ್ದು."

ಆಗ ಅರ್ಥವಾಯಿತು. ಅವಳು ಚಾವಣಿಯ ಕೆಂಪು ಕೊಳವೆಯನ್ನು ನೋಡಿ ನೋಡಿ ಬಟ್ಟೆ ತೆಗೆಯುತ್ತಿದ್ದಳು. ಅಂಗಳದಲ್ಲಿ ಚಿಮ್ಮಿದ ನೀರು ಅವಳ ಕಣ್ಣಲ್ಲಿತ್ತು. ಸೈರನ್ ಕೇಳಿದವಳಿಗೆ ಓಡಬೇಕೆನಿಸಲಿಲ್ಲ, ಮಕ್ಕಳ ಯೂನಿಫಾರಂ ಮತ್ತೆ ಒದ್ದೆಯಾಗುತ್ತದಲ್ಲ ಅನಿಸಿತು. ಮಳೆಗಾಲ ಕಳೆದ ಯಾರಿಗಾದರೂ ಹಾಗೇ ಅನಿಸೀತು.

"ಅದು ನೀರಲ್ಲ ಅಕ್ಕ. ಉಸಿರು ಕಟ್ಟಿಸೋ ಗ್ಯಾಸ್. ಬಟ್ಟೆ ಬಿಡು, ನನ್ನ ಕೈ ಸೋತು ಹೋಗ್ತಿದೆ."

ಯಾವ ಮಾತು ಅವಳಿಗೆ ತಾಗಿತೋ ಹೇಳಲಾರೆ. ಗ್ಯಾಸ್ ಎಂಬುದಲ್ಲ, ಕೈ ಸೋಲುತ್ತಿದೆ ಎಂದದ್ದು ಇರಬೇಕು ಎಂದು ನನ್ನ ಊಹೆ. ಪೆಟ್ಟಿಗೆಯಿಂದ ಇಳಿದು, ಹೆಗಲ ತುಂಬ ಬಟ್ಟೆ ಹೊತ್ತು, ಬಗ್ಗಿ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು, ಹೊರಗೆ ಬಂದಳು. ಬಂದವಳು ಮೊದಲು ಚಪ್ಪಲಿ ಮೆಟ್ಟಿದಳು.

ಎಲೆಕ್ಟ್ರಿಷಿಯನ್ ಜನರೇಟರ್ ಶೆಡ್ಡಿನಿಂದ ಓಡಿಬಂದ. ಗಾಜಿನಲ್ಲಿ ನೋಡಿದ, ಬಾಗಿಲು ತೆರೆದು ಮೂಲೆ ಮೂಲೆ ನೋಡಿದ. ಗೋಡೆಯ ಬೀಗದಲ್ಲಿ ಕೀಲಿ ತಿರುಗಿಸಿದ. ಆ ಕೀಲಿ ತಿರುಗಿಸಿಟ್ಟರೆ ಗ್ಯಾಸ್ ತಾನಾಗಿ ಹೊರಡದು. ಕೋಣೆಗೆ ಮನುಷ್ಯರು ಕಾಲಿಡುವ ಮೊದಲೇ ಅದನ್ನು ತಿರುಗಿಸಬೇಕು, ಹೊರಗೆ ಬಂದ ಮೇಲೆ ಮೊದಲಿನಂತೆ ಮಾಡಬೇಕು ಎಂಬುದು ನಿಯಮ. ಸ್ವೆಟರ್ ತೆಗೆಯಲು ಹೋಗುವವರು ಯಾರು ಕೀಲಿ ತಿರುಗಿಸುತ್ತಾರೆ?

"ಬಿಡಿ ಚೇಚಿ. ಆಯ್ತು, ಬಿಡಿ."

ನನಗೆ ಬಿಡಲಾಗಲಿಲ್ಲ. ಅವನು ಮತ್ತೊಮ್ಮೆ ಹೇಳಿದ. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಮಗುವಿನ ಕೈಯಿಂದ ಚಾಕು ಬಿಡಿಸಿದಂತೆ ಬೆರಳನ್ನು ಬಿಡಿಸಿದ. ಸೈರನ್ ನಿಂತಿತು. ಬೆಂಕಿ ಇರಲಿಲ್ಲ. ಇಸ್ತ್ರಿಯ ಹಬೆ ಅಷ್ಟೇ.

ಸಂಜೆ ಮ್ಯಾನೇಜರ್ ಕರೆದು ಎಲ್ಲ ಕೇಳಿದರು. ಮಳೆ ಮುಗಿಯುವವರೆಗೆ ಆ ಅಲಾರಮನ್ನೇ ಆಫ್ ಮಾಡಿಬಿಡಿ ಎಂದರು. ಒಂದು ಕಡೆ ಆಫ್ ಮಾಡಿದರೆ ಗೋಡೌನಿನ ನೀರೂ ಬರದು, ಶಟರೂ ಇಳಿಯದು, ಎಲ್ಲ ಒಂದೇ ತಲೆಯಿಂದ ಅಪ್ಪಣೆ ಪಡೆಯುವಂಥವು ಎಂದು ಎಲೆಕ್ಟ್ರಿಷಿಯನ್ ವಿವರಿಸಿದ. ಅವರು, ಹಾಗಾದರೆ ಬಟ್ಟೆ ಹಾಕುವುದು ಬೇಡ ಎಂದು ಹೇಳಿ ಎದ್ದರು. ಕಾಫಿ ಒಣಗಿಸುವ ಡ್ರೈಯರ್ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಗ್ಗ ಕಟ್ಟಿಕೊಳ್ಳಲು ಒಪ್ಪಿಗೆ ಸಿಕ್ಕಿತು. ಅಲ್ಲಿ ಪ್ಯಾನೆಲ್ ರೂಮಿನಷ್ಟು ಬಿಸಿ ಇಲ್ಲ.

ಅಕ್ಕನಿಗೆ ಇದೆಲ್ಲ ತಮಾಷೆಯಾಯಿತು. ಬೀಜ ಆರಿಸುವ ಮೇಜಿನ ಸುತ್ತ ದಿನವೂ ಅದೇ ಕತೆ. "ಮೇಡಮ್ಮ ಛತ್ರೀಲಿ ಬಾಗ್ಲು ಹಿಡ್ಕಂಡ್ ಎಳೀತಿದ್ರೆ, ಒಳಗೆ ಹುಲಿ ಅದೆ ಅಂದ್ಕೋಬೇಕು" ಎಂದು ಸೌಟನ್ನೋ ಕೋಲನ್ನೋ ಹಿಡಿದು ನನ್ನ ಹಾಗೆ ನಿಂತು ತೋರಿಸುವಳು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ನಗುತ್ತಲೇ ಮೇಜಿನ ಕೆಳಗೆ ಕೈಗಳನ್ನು ಒಂದಕ್ಕೊಂದು ಹಿಡಿದುಕೊಳ್ಳುತ್ತಿದ್ದೆ. ಗ್ಯಾಸ್ ಎಂದರೆ ವಾಸನೆ ಬರುತ್ತದೆ, ವಾಸನೆ ಬಂದರೆ ಓಡಿದರಾಯಿತು ಎಂಬುದು ಅವಳ ವಾದ. ಮನೆಯ ಸಿಲಿಂಡರಿನ ಗ್ಯಾಸ್ ಅವಳಿಗೆ ಗೊತ್ತಿತ್ತು. ವಾಸನೆಯೇ ಇಲ್ಲದ್ದನ್ನು ಹೇಳಿ ನಂಬಿಸುವುದು ನನ್ನಿಂದಾಗಲಿಲ್ಲ.

ಮತ್ತೊಂದು ಜೋರು ಮಳೆಯ ದಿನ ಆ ಜಗಲಿಯಲ್ಲಿ ಹೋಗುವಾಗ ಹೊಸ್ತಿಲ ಹೊರಗೆ ಅದೇ ಚಪ್ಪಲಿ ಕಂಡಿತು. ನೀಲಿ ದಾರದ್ದು. ಯಾವ ಸೈರನ್ನೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಕೀಲಿಯ ಕಡೆ ನೋಡಿದೆ. ಅದು ಗ್ಯಾಸ್ ಹೊರಡುವ ಕಡೆಗೇ ಇತ್ತು. ಒಳಗಿನಿಂದ ಅಕ್ಕ ಎರಡು ಕಾಲುಚೀಲ ಹಿಡಿದು ಬಂದು, "ಶೆಡ್ಡಲ್ಲಿ ಒಣಗಲ್ಲ ಕಣವ್ವ" ಎಂದಳು. 

ನೇರ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಅವಳಿಗೆ ಕಣ್ಣಿಗೆ ಕಾಣುವ ಹಾಗೆ ಏನಾದರೂ ತೋರಿಸು ಎಂದೆ. ಅವನು ಯೋಚಿಸಿ, ಲ್ಯಾಬಿನಿಂದ ಒಂದು ಖಾಲಿ ಸ್ಟೀಲ್ ಡ್ರಮ್ ಕೇಳಿದ. ಬೆಂಕಿ ಆರಿಸಲು ಗೋಡೆಗೆ ತೂಗುಹಾಕುವ ಸಣ್ಣ ಸಿಲಿಂಡರ್ ಒಂದನ್ನು ತಂದ. ಅದರಲ್ಲೂ ಇರುವುದು ಅದೇ ಗ್ಯಾಸ್. ಊಟ ಮುಗಿಸಿದ ಹೆಂಗಸರೆಲ್ಲ ಜಗಲಿಗೆ ಬಂದರು. ಅಕ್ಕ ಎದುರಿಗೇ ನಿಂತಳು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ, ಮತ್ತೇನು ನಾಟಕ ಎಂಬಂತೆ.

ಅವನು ಸಿಲಿಂಡರಿನ ಬಾಯನ್ನು ಡ್ರಮ್ಮಿನೊಳಗೆ ಇಟ್ಟು ಒತ್ತಿದ. ಜೋರಾಗಿ ಬುಸುಗುಟ್ಟಿ ಬಿಳಿ ಮೋಡ ಎದ್ದು, ಕರಗಿ, ಏನೂ ಇಲ್ಲದಂತಾಯಿತು. ಡ್ರಮ್ ಖಾಲಿ ಕಾಣುತ್ತಿತ್ತು. ಅಕ್ಕನನ್ನು ಹತ್ತಿರ ಕರೆದು, ವಾಸನೆ ಇದೆಯಾ, ದೂರದಿಂದ ನೋಡಿ ಚೇಚಿ ಎಂದ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಒಂದು ಹಣತೆಗೆ ಬತ್ತಿ ಹಾಕಿ ಹಚ್ಚಿ, ತಂತಿ ಕಟ್ಟಿ, ನಿಧಾನ ಇಳಿಸಿದ. ಡ್ರಮ್ಮಿನ ಅಂಚು ದಾಟಿ ಇನ್ನಷ್ಟು ಇಳಿದಿತ್ತು, ಅಷ್ಟೇ. ದೀಪ ಆರಿತು. ಗಾಳಿಗೆ ಓಲಾಡಿ ಆರಿದ ಹಾಗಲ್ಲ. ಇತ್ತು, ಇಲ್ಲವಾಯಿತು.

"ಇನ್ನೊಂದ್ ಸಲ ಇಳ್ಸಪ್ಪ" ಎಂದಳು ಅಕ್ಕ.

ಮತ್ತೆ ಹಚ್ಚಿ ಇಳಿಸಿದ. ಅಲ್ಲೇ ಆರಿತು. ಅವಳು ಮುಂದೆ ಬಂದು ತಂತಿಯನ್ನು ತಾನೇ ಹಿಡಿದಳು. ಅವನು ಹಚ್ಚಿಕೊಟ್ಟ. ಬಹಳ ಮೆಲ್ಲಗೆ, ನಡುವೆ ನಿಲ್ಲಿಸಿ ನಿಲ್ಲಿಸಿ ಇಳಿಸಿದಳು. ಕುಡಿ ಅಂಚಿನ ಕೆಳಗೆ ಹೋಗುತ್ತಿದ್ದಂತೆ ಅವಳ ಕೈ ಗಕ್ಕನೆ ಮೇಲಕ್ಕೆ ಎಳೆಯಿತು. ಎಳೆಯುವಷ್ಟರಲ್ಲೇ ಆರಿಹೋಗಿತ್ತು.

"ಅದ್ಕೆ ಗೊತ್ತಾಗ್ತದಾ, ಆರ್ತಾ ಇದೀನಿ ಅಂತ?" ಎಂದು ಕೇಳಿದಳು. ಕೇಳಿದ್ದು ಅವನನ್ನೋ ನನ್ನನ್ನೋ ತಿಳಿಯಲಿಲ್ಲ.

ಅವನು ನೆಲ ನೋಡುತ್ತ, "ಗೊತ್ತಾಗಲ್ಲ ಚೇಚಿ" ಎಂದ.

ಅಕ್ಕ ತಂತಿಯನ್ನು ಅವನ ಕೈಗೆ ಕೊಟ್ಟು, ಗೋಡೆಗೆ ಒರಗಿ, ಹಾಗೇ ಕೆಳಗೆ ಕುಳಿತಳು. ನಾನು ಪಕ್ಕದಲ್ಲಿ ಕುಳಿತೆ. ಹಿಂದಿನಿಂದ ಯಾರೋ ಹುಲಿಯ ಮಾತೆತ್ತಿ ನಗಿಸಲು ನೋಡಿದರು, ಅವಳು ಆ ಕಡೆ ತಿರುಗಲಿಲ್ಲ. ನನ್ನ ಮುಖ ನೋಡದೆ, ಅವತ್ತು ನಾನು ಬಂದು ಬಾಗಿಲು ಎಳೆಯದೇ ಇದ್ದಿದ್ದರೆ, ತನ್ನ ಉಸಿರು ನಿಂತ ಮೇಲೂ ಬಟ್ಟೆಗಳು ತನ್ನ ಹೆಗಲ ಮೇಲೇ ಇರುತ್ತಿದ್ದವು ಅಲ್ಲವಾ ಎಂದಳು. ಹೌದು ಎಂದೆ.